ಪರದೇಶದ ಗೆಳೆಯರಿಗೆ ಊರಿನ ಉಡುಗೊರೆ: ನಾನು ಆರಿಸುವ ಕ್ರಮ

ಹೊರದೇಶದಲ್ಲಿರುವ ಗೆಳೆಯರಿಗೆ ಏನಾದರೂ ಕಳಿಸಬೇಕೆಂದಾಗ ನಾನು ಮೊದಲು ಅಂಗಡಿಗೆ ಹೋಗುವುದಿಲ್ಲ. ಯಾವ ದೇಶ, ಯಾರ ಮನೆ, ಯಾವ ತಿಂಗಳು, ಯಾರ ಕೈಯಲ್ಲಿ ಹೋಗುತ್ತದೆ ಎಂಬ ನಾಲ್ಕನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ. ಅಂಗಡಿಯಲ್ಲಿ ಕಣ್ಣಿಗೆ ಬಿದ್ದದ್ದನ್ನೆಲ್ಲ ಕೊಂಡು ಆಮೇಲೆ ದಾರಿ ಹುಡುಕಿದರೆ, ಅರ್ಧ ಸಾಮಾನು ಅಲ್ಲಿನ ವಿಮಾನ ನಿಲ್ದಾಣದ ಕಸದ ಡಬ್ಬಿಗೆ ಹೋಗುತ್ತದೆ, ಉಳಿದರ್ಧ ಅವರ ಮನೆಯ ಅಟ್ಟ ಸೇರುತ್ತದೆ.

ತಿನ್ನುವ ಸಾಮಾನಿನಲ್ಲಿ ಎಡವುವುದು ಹೆಚ್ಚು. ಆಸ್ಟ್ರೇಲಿಯಾಕ್ಕೆ ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಜೀರಿಗೆ, ಅಕ್ಕಿ, ತೊಗರಿ, ಕಡಲೆ, ಹೆಸರುಕಾಳು ಇವನ್ನು ಲಗೇಜಿನಲ್ಲೂ ಒಯ್ಯುವಂತಿಲ್ಲ, ಅಂಚೆಯಲ್ಲೂ ಕಳಿಸುವಂತಿಲ್ಲ. ಖಪ್ರಾ ಎಂಬ ದುಂಬಿ ಕಾಳಿನ ಜೊತೆ ಬಂದು ಅಲ್ಲಿನ ಉಗ್ರಾಣಗಳಿಗೆ ಹೊಕ್ಕೀತೆಂಬ ಭಯಕ್ಕೆ ಈ ನಿಷೇಧ. ಹಾಗಾಗಿ ಎಷ್ಟೇ ಒಳ್ಳೆಯ ಬ್ಯಾಡಗಿ ಮೆಣಸಿನಕಾಯಿ ಸಿಕ್ಕರೂ ಸಿಡ್ನಿಯ ಪೆಟ್ಟಿಗೆಗೆ ಬೇಡ. ಅದೇ ದುಂಬಿಯ ಕಾರಣಕ್ಕೆ ಅಮೆರಿಕವೂ ಪ್ರಯಾಣಿಕರು ನಮ್ಮ ದೇಶದಿಂದ ತರುವ ಅಕ್ಕಿಯನ್ನು ಒಳಗೆ ಬಿಡುವುದಿಲ್ಲ. ಧಾರವಾಡ ಪೇಡೆ, ಬೆಳಗಾವಿ ಕುಂದಾ ಹಾಲಿನ ತಿಂಡಿಗಳಾದ್ದರಿಂದ ಆಸ್ಟ್ರೇಲಿಯಾಕ್ಕೆ ಸಲ್ಲವು. ಯುರೋಪ್, ಬ್ರಿಟನ್‌ಗೂ ಹಾಲಿನ ಪದಾರ್ಥ ಕಟ್ಟಬಾರದು. ನ್ಯೂಜಿಲೆಂಡಿಗೆ ಕೊಡಗಿನ ಜೇನು ಬೇಡ. ಅಲ್ಲಿ ತಿನ್ನುವ ವಸ್ತುವನ್ನು ಹೇಳದೆ ಒಯ್ದರೆ ನಿಂತ ಜಾಗದಲ್ಲೇ 400 ಡಾಲರ್ ದಂಡ. ಯಾವ ದೇಶವಾದರೂ ಅಲ್ಲಿ ಇಳಿಯುವಾಗ ತುಂಬುವ ಕಾರ್ಡಿನಲ್ಲಿ ‘ಆಹಾರ ಇದೆ’ ಎಂದು ಗುರುತು ಹಾಕುವುದೇ ಸರಿ. ಹೇಳಿದ ವಸ್ತು ಸಲ್ಲದ್ದಾದರೆ ಬಹುಪಾಲು ಅದನ್ನು ತೆಗೆದಿಟ್ಟುಕೊಂಡು ನಮ್ಮನ್ನು ಬಿಡುತ್ತಾರೆ, ಮುಚ್ಚಿಟ್ಟರೆ ದಂಡ ಬೀಳುತ್ತದೆ.

ಕೊಲ್ಲಿ ದೇಶಗಳ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು: ಗಸಗಸೆ. ಅನೇಕ ಮನೆಗಳಲ್ಲಿ ಬಿಸಿಬೇಳೆಬಾತ್ ಪುಡಿಗೆ, ಸಾಗುವಿನ ಮಸಾಲೆಗೆ ಒಂದು ಚಮಚ ಗಸಗಸೆ ಹಾಕುವುದು ರೂಢಿ. ಯುಎಇ, ಸೌದಿಗಳಲ್ಲಿ ಅದು ನಿಷೇಧಿತ ವಸ್ತು, ವಿಷಯ ಜೈಲಿನವರೆಗೂ ಹೋಗಬಹುದು. ಪುಡಿಯಾಗಿದೆ, ಗೊತ್ತಾಗುವುದಿಲ್ಲ ಎಂಬ ಧೈರ್ಯ ಬೇಡ. ದುಬೈಗೆ ಹೋಗುವ ಪುಡಿಯನ್ನು ಗಸಗಸೆ ಇಲ್ಲದೆ ಬೇರೆಯಾಗಿಯೇ ಮಾಡಿಸುತ್ತೇನೆ. ಗಸಗಸೆ ಬೀಸಿದ ಮಿಕ್ಸಿ ಜಾರನ್ನು ತೊಳೆದು ಒಣಗಿಸಿದ ಮೇಲೆಯೇ ಬಳಸಲು ಹೇಳುತ್ತೇನೆ.

ವಿಮಾನಕ್ಕೆ ಅದರದೇ ನಿಯಮಗಳಿವೆ. ತಿಪಟೂರಿನ ಇಡೀ ಒಣಕೊಬ್ಬರಿ ಲಗೇಜಿಗೆ ಸಲ್ಲದು, ಎಣ್ಣೆಯ ಅಂಶ ಹೆಚ್ಚಿರುವುದರಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಬೇಗ ಬೆಂಕಿ ಹಿಡಿಯುವ ಕರ್ಪೂರವೂ ಸಲ್ಲದು. ಪೂಜೆ ಸಾಮಾನು ಕೇಳಿದವರಿಗೆ ಊದಿನಕಡ್ಡಿ, ಕುಂಕುಮ, ಗೆಜ್ಜೆವಸ್ತ್ರ ಸಾಕು. ಉಪ್ಪಿನಕಾಯಿ, ಗೊಜ್ಜು ಕೈಚೀಲದಲ್ಲಿ ಬೇಡ, ಚೆಕ್-ಇನ್ ಪೆಟ್ಟಿಗೆಯಲ್ಲೇ ಇರಲಿ. ವಿಮಾನ ಮೇಲೇರಿದಾಗ ಒಳಗಿನ ಒತ್ತಡ ಇಳಿದು ಬಾಟಲಿಯಲ್ಲಿರುವ ಗಾಳಿ ಹಿಗ್ಗುತ್ತದೆ, ಎಣ್ಣೆಯನ್ನು ಮುಚ್ಚಳದ ಸುತ್ತಿನಿಂದ ಹೊರಗೆ ತಳ್ಳುತ್ತದೆ. ಅದಕ್ಕೆ ಬಾಟಲಿಯ ಕಂಠದವರೆಗೂ ತುಂಬಿ, ಬಾಯಿಗೆ ಎರಡು ಪದರ ಪ್ಲಾಸ್ಟಿಕ್ ಹಾಳೆ ಇಟ್ಟು ಮುಚ್ಚಳ ತಿರುಗಿಸಿ, ಟೇಪು ಸುತ್ತಿ, ಎರಡು ಜಿಪ್ ಕವರಿನೊಳಗೆ ನಿಲ್ಲಿಸುತ್ತೇನೆ.

ಕರಿದ ತಿಂಡಿಗಳಲ್ಲಿ ಕೋಡುಬಳೆ, ಚಕ್ಕುಲಿ ಚೆನ್ನಾಗಿ ಬಾಳುತ್ತವೆ, ಆದರೆ ಬಾಣಲೆಯಿಂದ ತೆಗೆದ ಮೇಲೆ ನಾಲ್ಕೈದು ಗಂಟೆ ಹರಡಿ ಪೂರ್ತಿ ಆರಿಸಬೇಕು. ಬಿಸಿಯಿದ್ದಾಗಲೇ ಕಟ್ಟಿದರೆ ಒಳಗೆ ಬೆವರಿ ಮೆತ್ತಗಾಗುತ್ತವೆ, ಬೇಗ ಕಮಟು ವಾಸನೆ ಹಿಡಿಯುತ್ತವೆ. ಅಂಗಡಿಯದಾದರೆ ಆ ದಿನವೇ ಕರಿದದ್ದನ್ನು ಕೇಳಿ ಕೊಳ್ಳುತ್ತೇನೆ. ಗೋಕಾಕಿನ ಅಥವಾ ಅಮೀನಗಡದ ಕರದಂಟು ನನ್ನ ಮೊದಲ ಆಯ್ಕೆ: ಬೆಲ್ಲ, ಅಂಟು, ಒಣಹಣ್ಣು ಸೇರಿರುವುದರಿಂದ ಪ್ರಯಾಣ ತಡೆಯುತ್ತದೆ, ಒಡೆಯುವುದಿಲ್ಲ. ಮುಚ್ಚಿದ ಪೊಟ್ಟಣ, ಅದರ ಮೇಲೆ ಪದಾರ್ಥಗಳ ಪಟ್ಟಿ ಅಚ್ಚಾಗಿರುವುದನ್ನೇ ಆರಿಸಿ. ಗೋಡಂಬಿ, ಬಾದಾಮಿ, ಶೇಂಗಾ, ಎಳ್ಳು ಆಗದವರು ಅಲ್ಲಿನ ಮನೆಗಳಲ್ಲಿ ಇರುತ್ತಾರೆ. ಮನೆಯಲ್ಲಿ ಮಾಡಿದ್ದಾದರೆ ಇಂಗ್ಲಿಷಿನಲ್ಲಿ ಬರೆದು ಡಬ್ಬಿಗೆ ಅಂಟಿಸಿ.

ನಮ್ಮ ಕಡೆಯ ರುಚಿ ಗೊತ್ತಿಲ್ಲದ ಗೆಳೆಯರಿಗೆ ಫಿಲ್ಟರ್ ಕಾಫಿಗಿಂತ ಒಳ್ಳೆಯ ಉಡುಗೊರೆ ನನಗೆ ತಿಳಿದಿಲ್ಲ. ಹುರಿದು ಪುಡಿ ಮಾಡಿ ಮುಚ್ಚಿದ ಕಾಫಿ ಬಹುತೇಕ ಕಡೆ ತಕರಾರಿಲ್ಲದೆ ದಾಟುತ್ತದೆ. ಬರೀ ಪುಡಿ ಕೊಟ್ಟರೆ ಅರ್ಧ ಉಡುಗೊರೆ. ಇಬ್ಬರಿಗಾಗುವ ಚಿಕ್ಕ ಸ್ಟೀಲ್ ಫಿಲ್ಟರ್, ಡಬರಾ ಲೋಟದ ಒಂದು ಜೋಡಿ, 250 ಗ್ರಾಂ ಪುಡಿ ಸೇರಿದರೆ ಪೂರ್ತಿ. 250 ಗ್ರಾಮಿಗಿಂತ ಹೆಚ್ಚು ಕೊಡುವುದಿಲ್ಲ, ಪೊಟ್ಟಣ ಒಡೆದ ಎರಡು ಮೂರು ವಾರಕ್ಕೆ ಘಮ ಇಳಿದುಬಿಡುತ್ತದೆ. ಕಾಫಿಪುಡಿ ಅಂಗಡಿಯಲ್ಲಿ ಹೊರಡುವ ಹಿಂದಿನ ದಿನ ಬೀಸಿಸಿ. ಚಿಕೋರಿಗೆ ನಾಲಿಗೆ ಒಗ್ಗದವರಿಗೆ ಶುದ್ಧ ಕಾಫಿ, ಊರಿನ ರುಚಿ ಬೇಕೆನ್ನುವ ಕನ್ನಡಿಗರಿಗೆ 80ಕ್ಕೆ 20. ಮಿಶ್ರಣದ ಪೊಟ್ಟಣದಲ್ಲಿ ಚಿಕೋರಿ ಶೇ. 49 ದಾಟುವಂತಿಲ್ಲ, ಪ್ರಮಾಣ ಮೇಲೆ ಅಚ್ಚಾಗಿರಬೇಕು, ಓದಿಯೇ ಕೊಳ್ಳಿ.

ಜೊತೆಗೆ ಮಾಡುವ ವಿಧಾನದ ಚೀಟಿ ಇಡುತ್ತೇನೆ: ಮೇಲಿನ ಪಾತ್ರೆಗೆ ಮೂರು ಚಮಚ ಗುಡ್ಡೆಯಾಗಿ, ಅಂದರೆ ಸುಮಾರು 20 ಗ್ರಾಂ ಪುಡಿ, ಒಳಗಿನ ಬಿಲ್ಲೆಯಿಂದ ಹಗುರವಾಗಿ ಅದುಮಿ, ಕುದಿ ನಿಂತ ನೀರು 150 ಮಿ.ಲೀ.; 20 ನಿಮಿಷ ಕಾಯಿರಿ. ಬಲವಾಗಿ ಅದುಮಿದರೆ, ಇಲ್ಲವೇ ಪುಡಿ ತೀರ ನುಣ್ಣಗಿದ್ದರೆ ಡಿಕಾಕ್ಷನ್ ಇಳಿಯುವುದೇ ಇಲ್ಲ. ತರಿತರಿಯಾಗಿದ್ದರೆ ಎರಡೇ ನಿಮಿಷಕ್ಕೆ ಬಣ್ಣದ ನೀರು ಇಳಿದುಬಿಡುತ್ತದೆ. ಬಿಲ್ಲೆ ಯಾತಕ್ಕೆಂದು ಅವರಿಗೆ ತಿಳಿಯದು, ಅದಕ್ಕೆ ಒಂದು ಗೀಟಿನ ಚಿತ್ರವನ್ನೂ ಬರೆಯುತ್ತೇನೆ.

ಮಕ್ಕಳಿರುವ ಮನೆಗೆ ಚನ್ನಪಟ್ಟಣದ ಗೊಂಬೆ. ಆಲೆ ಮರವನ್ನು ಚರಕಿಯಲ್ಲಿ ತಿರುಗಿಸಿ, ಅದು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಬೆರಳಾಡಿಸಿ ನೋಡಿ: ಅರಗಿನ ಕೆಲಸದಲ್ಲಿ ಹೊಳಪು ಸುತ್ತಲೂ ಒಂದೇ ಸಮ, ಬಣ್ಣದ ಪಟ್ಟೆಗಳ ಅಂಚು ಹರಿತ. ಕುಂಚದಿಂದ ಬಳಿದದ್ದಾದರೆ ಅಂಚಿನಲ್ಲಿ ಬಣ್ಣ ಗಟ್ಟಿಯಾಗಿ ನಿಂತಿರುತ್ತದೆ. ಮೂರು ವರ್ಷದೊಳಗಿನ ಮಗುವಿಗೆ 3.2 ಸೆಂ.ಮೀ. ಅಗಲದ ತೂತಿನಲ್ಲಿ ತೂರುವ ಯಾವ ಬಿಡಿಭಾಗವೂ ಇರಬಾರದು. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಸ್ಯಾನಿಟೈಸರ್ ಬಟ್ಟೆಯಿಂದ ಗೊಂಬೆ ಒರೆಸುವುದು ಅಲ್ಲಿ ಸಾಮಾನ್ಯ, ಒರೆಸಿದರೆ ಬಣ್ಣ ಅಂಟಂಟಾಗಿ ಕೈಗೆ ಬರುತ್ತದೆ. ‘ಒಣ ಬಟ್ಟೆ ಸಾಕು, ಹೀಟರಿನ ಬಳಿ ಇಡಬೇಡಿ’ ಎಂದು ಬರೆದೇ ಕಳಿಸಿ. ಚಳಿಗಾಲದಲ್ಲಿ ಮನೆಯೊಳಗಿನ ಗಾಳಿ ಒಣಗಿ ಮರ ಕುಗ್ಗುವುದರಿಂದ ಗೂಟದ ಕೀಲುಗಳು ಸಡಿಲವಾಗುತ್ತವೆ. ಕೆನಡಾಕ್ಕೆ, ಸ್ವೀಡನ್ನಿಗೆ ಹೋಗುವ ಗೊಂಬೆ ಒಂದೇ ತುಂಡಿನದಾದರೆ ಒಳ್ಳೆಯದು, ಬುಗುರಿಯ ಹಾಗೆ.

ಬಟ್ಟೆಯಲ್ಲಿ ನನ್ನ ಒಲವು ಕಸೂತಿಗೆ. ಸೀರೆ ಉಡುವ ಅಭ್ಯಾಸ ಇಲ್ಲದವರಿಗೆ ಇಳಕಲ್ ಸೀರೆ ಐದೂವರೆ ಮೀಟರ್ ಬಟ್ಟೆಯಾಗಿಯೇ ಉಳಿದೀತು. ಅದರ ಬದಲು ಕಸೂತಿ ಹಾಕಿದ ಶಾಲು, ಮೇಜಿನ ಹಾಸು ದಿನಬಳಕೆಗೆ ಬರುತ್ತವೆ. ಕೊಳ್ಳುವ ಮೊದಲು ಬಟ್ಟೆ ಮಗುಚಿ ಹಿಂಬದಿ ನೋಡಿ. ಗವಂತಿ, ಮುರಗಿ ಹೊಲಿಗೆಗಳು ಎರಡೂ ಬದಿಗೆ ಒಂದೇ ರೀತಿ ಕಾಣುತ್ತವೆ, ಗಂಟು ಇರುವುದಿಲ್ಲ. ಹೋದ ದಾರಿಯಲ್ಲೇ ಸೂಜಿ ಮರಳಿ ಬಂದು ಬಿಟ್ಟ ಜಾಗ ತುಂಬುತ್ತದೆ. ಯಂತ್ರದ್ದಾದರೆ ಹಿಂದೆ ಬೇರೆ ಬಣ್ಣದ ಬಾಬಿನ್ ದಾರ ತುಂಬಿಕೊಂಡಿರುತ್ತದೆ. ಹಾಗೆ ಮಗುಚಿ ನೋಡುವುದನ್ನು ಗೆಳೆಯರಿಗೂ ಹೇಳಿಕೊಡಿ, ಅವರು ಆ ಬಟ್ಟೆಯನ್ನು ನೋಡುವ ಬಗೆಯೇ ಬೇರೆಯಾಗುತ್ತದೆ.

ದೊಡ್ಡವರಿಗೆ, ಗುರುಗಳಿಗೆ ಬೀದರಿನ ಬಿದರಿ. ಹೆಚ್ಚು ಸತು, ಸ್ವಲ್ಪ ತಾಮ್ರ (16ಕ್ಕೆ 1) ಸೇರಿಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಮಣ್ಣಿನಿಂದ ಕಪ್ಪಾಗಿಸುತ್ತಾರೆ. ಹುಣಸೆ, ನಿಂಬೆ, ಹಿತ್ತಾಳೆ ಪಾಲಿಶ್ ತಾಗಿದರೆ ಆ ಕಪ್ಪು ಹೋಗಿಬಿಡುತ್ತದೆ, ತೊಟ್ಟು ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದರೆ ಸಾಕು. ಗಾತ್ರಕ್ಕೆ ಹೋಲಿಸಿದರೆ ತೂಕ ಹೆಚ್ಚು, ಹಾಗಾಗಿ ಅಂಗೈಯಗಲದ ಡಬ್ಬಿಯೇ ಸಾಕು. ಎಕ್ಸ್‌ರೇಯಲ್ಲಿ ಗಟ್ಟಿ ಲೋಹದಂತೆ ಕಾಣುವುದರಿಂದ ಬಿಚ್ಚಿ ನೋಡುತ್ತಾರೆ, ಬಿಚ್ಚಿ ಮತ್ತೆ ಕಟ್ಟಲು ಬರುವಂತೆ ಹತ್ತಿ ಬಟ್ಟೆಯಲ್ಲಿ ಸುತ್ತಿ. ಹಳೆಯ ದೀಪ, ವಿಗ್ರಹ, ಚಿತ್ರಪಟ ಕೊಡುವ ಆಸೆಯಿದ್ದರೆ ನೆನಪಿರಲಿ: 1972ರ ಕಾಯ್ದೆಯಂತೆ ನೂರು ವರ್ಷ ಮೀರಿದ ವಸ್ತು ದೇಶ ಬಿಟ್ಟು ಹೋಗುವಂತಿಲ್ಲ. ಹೊಸದಾದರೂ ಹಳೆಯದರಂತೆ ಕಂಡರೆ ಬಿಲ್ಲು ಜೊತೆಗಿರಲಿ. ಮೈಸೂರಿನ ಬೀಟೆ ಮರದ ಕೆತ್ತನೆಗೂ ಮರದ ಹೆಸರು ಬರೆದ ಬಿಲ್ಲು ಬೇಕು, 2017ರಿಂದ ಆ ಮರ ಅಂತರರಾಷ್ಟ್ರೀಯ ನಿಯಂತ್ರಣದ ಪಟ್ಟಿಯಲ್ಲಿದೆ.

ಏನೂ ತೋಚದಿದ್ದಾಗ ಮೈಸೂರು ಸ್ಯಾಂಡಲ್ ಸೋಪಿನ ಮೂರರ ಪೆಟ್ಟಿಗೆ. ಆದರೆ ಕಾಫಿ, ತಿಂಡಿಯ ಪಕ್ಕ ಇಡಬೇಡಿ, ಚಕ್ಕುಲಿಗೆ ಗಂಧದ ವಾಸನೆ ಹಿಡಿಯುತ್ತದೆ.

ಕೊರಿಯರಿನಲ್ಲಿ ಕಳಿಸುವಾಗ ತೂಕದ ಜೊತೆ ಗಾತ್ರವನ್ನೂ ಲೆಕ್ಕ ಹಾಕುತ್ತಾರೆ: ಉದ್ದ, ಅಗಲ, ಎತ್ತರವನ್ನು ಸೆಂ.ಮೀ.ನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. 40×30×20ರ ಪೆಟ್ಟಿಗೆಯಲ್ಲಿ ಎರಡು ಕೆ.ಜಿ. ಸಾಮಾನಿದ್ದರೂ 4.8 ಕೆ.ಜಿ.ಯ ದುಡ್ಡು. ಸಾಮಾನು ಜೋಡಿಸಿ ಅಳೆದ ಮೇಲೆಯೇ ಪೆಟ್ಟಿಗೆ ತನ್ನಿ. ಸಂದುಗಳಿಗೆ ಶಾಲು, ಟವೆಲ್ಲು ತುರುಕಿದರೆ ಅವೇ ಮೆತ್ತೆಯಾಗುತ್ತವೆ. ಫಾರಂನಲ್ಲಿ ಬರೀ ‘ಉಡುಗೊರೆ’ ಎಂದು ಬರೆದರೆ ಸಾಲದು: ‘ಮರದ ಆಟಿಕೆ, 2, 300 ಗ್ರಾಂ, 600 ರೂಪಾಯಿ’ ಎಂದು ಒಂದೊಂದನ್ನೂ ನಿಜವಾದ ಬೆಲೆಯೊಂದಿಗೆ ಬಿಡಿಸಿ ಬರೆಯಿರಿ. ಉಡುಗೊರೆಗೆ ತೆರಿಗೆಯಿಲ್ಲದ ಮಿತಿ ಬ್ರಿಟನ್ನಿನಲ್ಲಿ 39 ಪೌಂಡ್, ಯುರೋಪ್ ಒಕ್ಕೂಟದಲ್ಲಿ 45 ಯೂರೋ, ಕೆನಡಾದಲ್ಲಿ 60 ಡಾಲರ್. ಮಿತಿ ದಾಟಿದರೆ ಅಲ್ಲಿ ತೆರಿಗೆ ಕಟ್ಟಬೇಕಾದವರು ನಿಮ್ಮ ಗೆಳೆಯರೇ. ಹಾಗಾಗುವ ಹಾಗಿದ್ದರೆ ಎರಡು ಸಾಮಾನು ತೆಗೆದಿಟ್ಟು, ಊರಿಗೆ ಬಂದುಹೋಗುವ ಯಾರಾದರೂ ಸಿಕ್ಕಾಗ ಅವರ ಕೈಯಲ್ಲಿ ಕೊಟ್ಟುಕಳಿಸುತ್ತೇನೆ. ಅವರ ಮುಂದೆಯೇ ಪೊಟ್ಟಣ ಬಿಚ್ಚಿ, ಒಳಗೇನಿದೆ ಎಂದು ತೋರಿಸಿ, ಪಟ್ಟಿಯನ್ನೂ ಅವರ ಕೈಗೆ ಕೊಡುತ್ತೇನೆ.