ಉದ್ದಿಮೆ ಮತ್ತು ಪ್ರಯೋಗಾಲಯದ ಜಂಟಿ ಸಂಶೋಧನೆಗೆ ಸರ್ಕಾರಿ ಅನುದಾನ: ಅರ್ಜಿಗೂ ಮೊದಲು ಕರಾರು

ರಾಮನಗರದ ಯಾವುದಾದರೂ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕಕ್ಕೆ ಹೋಗಿ, ಒಂದೇ ಬೇಸಿನ್ನಿನಿಂದ ಹಲವು ನೂಲು ಎಳೆಯುವ ಮಲ್ಟಿ ಎಂಡ್ ಯಂತ್ರದ ಮುಂದೆ ನಿಂತ ಹೆಣ್ಣುಮಗಳ ಬೆರಳುಗಳನ್ನು ಹತ್ತು ನಿಮಿಷ ಗಮನಿಸಿ. ಬೇಸಿನ್ನಿನ ಬಿಸಿನೀರಿನಲ್ಲಿ ಆಡುವ ಎಂಟು–ಹತ್ತು ಗೂಡುಗಳ ಎಳೆಗಳು ಸೇರಿ ಒಂದು ನೂಲಾಗುತ್ತವೆ. ಒಂದು ಗೂಡು ಬರಿದಾದ ಕ್ಷಣದಲ್ಲಿ ನೂಲು ತೆಳುವಾಗುತ್ತದೆ. ಆಕೆ ಅದನ್ನು ಕಣ್ಣಂದಾಜಿನಲ್ಲೇ ಗುರುತಿಸಿ ಹೊಸ ಎಳೆ ಸೇರಿಸಬೇಕು. ದೊಡ್ಡ ಸ್ವಯಂಚಾಲಿತ ಯಂತ್ರಗಳಲ್ಲಿ ನೂಲಿನ ಡೆನಿಯರ್, ಅಂದರೆ ದಪ್ಪದ ಅಳತೆ, ಗುರುತಿಸುವ ಸಾಧನ ಇದೆ. ಸಣ್ಣ ರೀಲರ್‌ಗಳ (ಗೂಡಿನಿಂದ ನೂಲು ಬಿಚ್ಚುವ ಉದ್ದಿಮೆದಾರರ) ಯಂತ್ರಕ್ಕೆ ಕೈಗೆಟುಕುವ ಬೆಲೆಯಲ್ಲಿ ಅಂಥದ್ದೊಂದನ್ನು ಜೋಡಿಸಲು ಸಾಧ್ಯವೇ ಎಂದು ಪೀಣ್ಯದ ಒಬ್ಬ ಯಂತ್ರ ತಯಾರಕರು ಯೋಚಿಸುತ್ತಾರೆ ಎಂದುಕೊಳ್ಳೋಣ. ಅವರಿಗೆ ಯಂತ್ರ ಗೊತ್ತು, ಸೆನ್ಸರ್ ಗೊತ್ತಿಲ್ಲ. ಸೆನ್ಸರ್ ಬಲ್ಲ ಪ್ರಾಧ್ಯಾಪಕರು ಹತ್ತಿರದ ಎಂಜಿನಿಯರಿಂಗ್ ಕಾಲೇಜಿನಲ್ಲಿದ್ದಾರೆ, ಆದರೆ ಅವರು ಬೇಸಿನ್ನಿನ ಮುಂದೆ ಒಂದು ದಿನವೂ ನಿಂತವರಲ್ಲ. ನೂಲಿನ ಗುಣಮಟ್ಟದ ಪರೀಕ್ಷೆಗೆ ಬೆಂಗಳೂರಿನಲ್ಲಿಯೇ ಕೇಂದ್ರೀಯ ರೇಷ್ಮೆ ತಾಂತ್ರಿಕ ಸಂಶೋಧನಾ ಸಂಸ್ಥೆ ಇದೆ. ಈ ಮೂವರೂ ಸೇರಿದರೆ ಅದು ಜಂಟಿ ಸಂಶೋಧನಾ ಯೋಜನೆಯಾಗುತ್ತದೆ.

ಫಲಿತಾಂಶ ಖಚಿತವಿಲ್ಲದ ಇಂಥ ಕೆಲಸಕ್ಕೆ ಬ್ಯಾಂಕ್ ಸಾಲ ಸಿಗುವುದು ಕಷ್ಟ. ಸಾರ್ವಜನಿಕ ಅನುದಾನಗಳು ಇರುವುದೇ ಆ ಅಪಾಯದ ಒಂದು ಪಾಲನ್ನು ಹೊರುವುದಕ್ಕಾಗಿ. ಆದರೂ ಹೆಚ್ಚಿನವರು ಅರ್ಜಿ ನಮೂನೆಯಿಂದ ಕೆಲಸ ಆರಂಭಿಸುತ್ತಾರೆ. ನನ್ನ ಅನುಭವದಲ್ಲಿ ನಮೂನೆ ತುಂಬುವುದು ಕೊನೆಯ ಕೆಲಸ.

ಮೊದಲ ಹೆಜ್ಜೆ: ನಿಮ್ಮ ಕೆಲಸ ಯಾವ ಮೆಟ್ಟಿಲಿನಲ್ಲಿದೆ?

ಅನುದಾನ ನೀಡುವ ಸಂಸ್ಥೆಗಳು ತಂತ್ರಜ್ಞಾನದ ಪಕ್ವತೆಯನ್ನು ಟಿಆರ್‌ಎಲ್ ಎಂಬ ಒಂಬತ್ತು ಮೆಟ್ಟಿಲುಗಳಲ್ಲಿ ಅಳೆಯುತ್ತವೆ. ಅಮೆರಿಕದ ನಾಸಾ 1970ರ ದಶಕದಲ್ಲಿ ರೂಪಿಸಿದ ಈ ಅಳತೆಗೋಲು ಈಗ ಎಲ್ಲೆಡೆ ಬಳಕೆಯಲ್ಲಿದೆ. ತತ್ವ ಗೊತ್ತಿರುವುದು ಒಂದನೆಯ ಮೆಟ್ಟಿಲು. ಕಲ್ಪನೆ ಸಾಧ್ಯವೆಂದು ಪ್ರಯೋಗದಿಂದ ತೋರಿಸುವುದು ಮೂರನೆಯದು. ಪ್ರಯೋಗಾಲಯದಲ್ಲಿ ಬಿಡಿಭಾಗಗಳು ಒಟ್ಟಿಗೆ ಕೆಲಸ ಮಾಡುವುದು ನಾಲ್ಕನೆಯದು. ನಿಜವಾದ ಬಳಕೆಯಲ್ಲಿ ಸಾಬೀತಾಗುವುದು ಒಂಬತ್ತನೆಯದು. ನಮ್ಮ ಸೆನ್ಸರ್ ಕಾಲೇಜಿನ ಮೇಜಿನ ಮೇಲೆ ಒಣ ನೂಲಿನ ದಪ್ಪವನ್ನು ಅಳೆದಿದ್ದರೆ ಅದು ಮೂರು ಅಥವಾ ನಾಲ್ಕರಲ್ಲಿದೆ. ಆವಿ, ಅಂಟು, ಹನಿ ನೀರಿನ ನಡುವೆ ರೀಲರ್ ಒಬ್ಬರ ಘಟಕದಲ್ಲಿ ಅದು ಇನ್ನೂ ಓಡಿಲ್ಲವೆಂದರೆ ಬಳಕೆಯಂಥದ್ದೇ ಪರಿಸರದಲ್ಲಿ ಮಾದರಿಯನ್ನು ಓಡಿಸಿ ತೋರಿಸುವ ಆರನೆಯ ಮೆಟ್ಟಿಲು ಬಹಳ ದೂರವಿದೆ. ಇದನ್ನು ಪ್ರಾಮಾಣಿಕವಾಗಿ ಬರೆದುಕೊಳ್ಳಿ. ಮೆಟ್ಟಿಲನ್ನು ಹಿಗ್ಗಿಸಿ ಹೇಳಿದವರನ್ನು ತಜ್ಞರ ಸಮಿತಿ ಮೂರನೆಯ ಪ್ರಶ್ನೆಯಲ್ಲೇ ಗುರುತಿಸುತ್ತದೆ.

ಎರಡನೆಯ ಹೆಜ್ಜೆ: ಸರಿಯಾದ ಬಾಗಿಲು

ಕೆಳಗಿನ ಮೆಟ್ಟಿಲುಗಳಿಗೆ ಅನುದಾನ, ಮೇಲಿನವುಗಳಿಗೆ ಸಾಲ ಅಥವಾ ಷೇರು ಬಂಡವಾಳ ಎಂಬುದು ಸಾಮಾನ್ಯ ಪದ್ಧತಿ. ಜೈವಿಕ ತಂತ್ರಜ್ಞಾನಕ್ಕೆ ಸಂಬಂಧಿಸಿದ ಕೆಲಸವಾದರೆ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2012ರಲ್ಲಿ ಸ್ಥಾಪಿಸಿದ ಬೈರಾಕ್ ಸಂಸ್ಥೆಯನ್ನು ನೋಡಬೇಕು. ಅದರ ಬಿಗ್ ಯೋಜನೆ 18 ತಿಂಗಳ ಅವಧಿಗೆ 50 ಲಕ್ಷ ರೂಪಾಯಿವರೆಗೆ ಅನುದಾನ ಕೊಡುತ್ತದೆ. ಜಂಟಿ ಕೆಲಸಕ್ಕೆಂದೇ ರೂಪಿಸಿದ ಅದರ ಒಪ್ಪಂದ ಸಂಶೋಧನಾ ಯೋಜನೆಯಲ್ಲಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಶೋಧವನ್ನು ಉದ್ದಿಮೆಯೊಂದು ಪರೀಕ್ಷಿಸಿ ದೃಢಪಡಿಸುತ್ತದೆ ಮತ್ತು ಇಬ್ಬರಿಗೂ ಅನುದಾನ ಸಿಗುತ್ತದೆ. ಬೈರಾಕ್ ಯೋಜನೆಗಳಿಗೆ ಬರುವ ಕಂಪನಿಯಲ್ಲಿ ಕನಿಷ್ಠ ಶೇ 51ರಷ್ಟು ಷೇರು ಭಾರತೀಯ ಪ್ರಜೆಗಳ ಕೈಯಲ್ಲಿರಬೇಕು ಎಂಬುದನ್ನು ಮರೆಯಬೇಡಿ. ವಿದೇಶದಲ್ಲಿರುವ ಬಂಧುವಿನಿಂದ ಬಂಡವಾಳ ಪಡೆದ ಎಷ್ಟೋ ಸಣ್ಣ ಕಂಪನಿಗಳು ಇದನ್ನು ತಡವಾಗಿ ಗಮನಿಸುತ್ತವೆ.

ನಮ್ಮ ಸೆನ್ಸರ್‌ನಂಥ ಯಾಂತ್ರಿಕ ಕೆಲಸಕ್ಕೆ ಬೈರಾಕ್ ಬಾಗಿಲಲ್ಲ. ಕೇಂದ್ರದ ಸಣ್ಣ ಉದ್ದಿಮೆಗಳ ಸಚಿವಾಲಯದ ಎಂಎಸ್‌ಎಂಇ ಇನ್ನೊವೇಟಿವ್ ಯೋಜನೆಯಲ್ಲಿ, ಮಾನ್ಯತೆ ಪಡೆದ ಆತಿಥೇಯ ಶಿಕ್ಷಣ ಸಂಸ್ಥೆಯ ಮೂಲಕ ಒಂದು ಕಲ್ಪನೆಗೆ 15 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. ತಯಾರಕರು ಹೊಸ ಸ್ಟಾರ್ಟ್‌ಅಪ್ ಆಗಿ ನೋಂದಾಯಿಸಿಕೊಂಡಿದ್ದರೆ ಕರ್ನಾಟಕ ಸರ್ಕಾರದ ಎಲಿವೇಟ್ ಸ್ಪರ್ಧೆಯಲ್ಲಿ 50 ಲಕ್ಷ ರೂಪಾಯಿವರೆಗಿನ ಅನುದಾನಕ್ಕೆ ಪ್ರಯತ್ನಿಸಬಹುದು. ಸಾಧನ ಸಿದ್ಧವಾಗಿ ಮಾರುಕಟ್ಟೆಗೆ ತರುವ ಹಂತ ಬಂದಾಗ, 1995ರ ಕಾಯ್ದೆಯಡಿ ರಚನೆಯಾದ ತಂತ್ರಜ್ಞಾನ ಅಭಿವೃದ್ಧಿ ಮಂಡಳಿ ಯೋಜನಾ ವೆಚ್ಚದ ಅರ್ಧದವರೆಗೆ ಶೇ 5ರ ಸರಳ ಬಡ್ಡಿಯಲ್ಲಿ ಸಾಲ ಕೊಡುತ್ತದೆ. 2025ರ ಜುಲೈನಲ್ಲಿ ಕೇಂದ್ರ ಸಂಪುಟ ಒಪ್ಪಿದ ಒಂದು ಲಕ್ಷ ಕೋಟಿ ರೂಪಾಯಿಯ ಸಂಶೋಧನೆ, ಅಭಿವೃದ್ಧಿ ಮತ್ತು ನಾವೀನ್ಯ ಯೋಜನೆಯ ಬಗ್ಗೆ ನನ್ನನ್ನು ಕೇಳುವವರು ಬಹಳ. ಅದು ಮುಖ್ಯವಾಗಿ ಕಡಿಮೆ ಬಡ್ಡಿಯ ಅಥವಾ ಬಡ್ಡಿಯಿಲ್ಲದ ದೀರ್ಘಾವಧಿ ಸಾಲದ ಯೋಜನೆ. ಹಿಂದಿರುಗಿಸಬೇಕಾಗಿಲ್ಲದ ಹಣವೆಂದು ಭಾವಿಸಿ ಲೆಕ್ಕ ಹಾಕಬಾರದು.

ಯಾವ ಯೋಜನೆಯೇ ಆಗಲಿ, ಅರ್ಜಿ ಆಹ್ವಾನ ಸದ್ಯ ತೆರೆದಿದೆಯೇ, ಈ ಸಲದ ನಿಯಮಾವಳಿ ಏನು ಹೇಳುತ್ತದೆ ಎಂಬುದನ್ನು ಆಯಾ ಸಂಸ್ಥೆಯ ಜಾಲತಾಣದಲ್ಲಿಯೇ ಓದಿ. ಹಳೆಯ ನಿಯಮಾವಳಿಯ ಪ್ರತಿ ಹಿಡಿದು ಅರ್ಜಿ ಬರೆಯುವುದು ವ್ಯರ್ಥ ಶ್ರಮ.

ಮೂರನೆಯ ಹೆಜ್ಜೆ: ಪಾಲುದಾರರ ನಡುವಿನ ಕರಾರು

ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಜಂಟಿ ಯೋಜನೆಗಳು ಮುರಿಯುವುದು ಹೆಚ್ಚಾಗಿ ಇಲ್ಲಿಯೇ. ಪ್ರಾಧ್ಯಾಪಕರೂ ಉದ್ಯಮಿಯೂ ಕಾಫಿ ಕುಡಿಯುತ್ತಾ “ಪೇಟೆಂಟ್ ಇಬ್ಬರ ಹೆಸರಿನಲ್ಲಿ ಮಾಡೋಣ ಸರ್” ಎಂದು ಒಪ್ಪಿಬಿಡುತ್ತಾರೆ. ಆ ಮಾತಿನಲ್ಲಿ ಸದ್ಭಾವನೆ ಇದೆ, ಆದರೆ ಅದರ ಕಾನೂನಿನ ಅರ್ಥ ಇಬ್ಬರಿಗೂ ಗೊತ್ತಿರುವುದಿಲ್ಲ. 1970ರ ಪೇಟೆಂಟ್ ಕಾಯ್ದೆಯ 50ನೆಯ ಸೆಕ್ಷನ್ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ ಜಂಟಿ ಒಡೆಯರಿಗೆ ಸಮಪಾಲು ಸಲ್ಲುತ್ತದೆ. ಪ್ರತಿಯೊಬ್ಬರೂ ಇನ್ನೊಬ್ಬರಿಗೆ ಲೆಕ್ಕ ಕೊಡದೆ ಅದನ್ನು ತಮ್ಮ ಲಾಭಕ್ಕೆ ಬಳಸಬಹುದು. ಆದರೆ ಇನ್ನೊಬ್ಬರ ಒಪ್ಪಿಗೆಯಿಲ್ಲದೆ ಮೂರನೆಯವರಿಗೆ ಲೈಸೆನ್ಸ್ ಕೊಡುವಂತಿಲ್ಲ, ತಮ್ಮ ಪಾಲನ್ನು ಮಾರುವಂತಿಲ್ಲ. ಇದನ್ನು ನಮ್ಮ ಉದಾಹರಣೆಗೆ ಅನ್ವಯಿಸಿ ನೋಡಿ. ಕಾರ್ಖಾನೆ ಇರುವ ತಯಾರಕರು ಸಾವಿರ ಸೆನ್ಸರ್ ಮಾಡಿ ಮಾರಿದರೂ ಕಾಲೇಜಿಗೆ ಒಂದು ರೂಪಾಯಿ ಕೊಡಬೇಕಾಗಿಲ್ಲ. ಕಾರ್ಖಾನೆ ಇಲ್ಲದ ಕಾಲೇಜು ಬೇರೊಬ್ಬರಿಂದ ಮಾಡಿಸೋಣವೆಂದರೆ ತಯಾರಕರು ಒಪ್ಪಬೇಕು. ಹೀಗಾಗಿ ಸಮಪಾಲು ಎಂಬ ಮಾತು ಸಮಾನ ಫಲ ಕೊಡುವುದಿಲ್ಲ.

ಆದ್ದರಿಂದ ಅರ್ಜಿಗೆ ಮೊದಲೇ ನಾಲ್ಕೈದು ಪುಟಗಳ ಕರಾರು ಬರೆದುಕೊಳ್ಳಿ. ಯೋಜನೆಗೆ ಮುಂಚೆಯೇ ಯಾರ ಬಳಿ ಏನಿತ್ತು, ಹೊಸದಾಗಿ ಹುಟ್ಟಿದ್ದು ಯಾರದು, ಮಾರಾಟದ ಮೇಲೆ ರಾಯಧನ ಎಷ್ಟು, ಪ್ರಬಂಧ ಪ್ರಕಟಿಸುವ ಮೊದಲು ಯಾರ ಒಪ್ಪಿಗೆ ಬೇಕು, ಒಬ್ಬರು ನಡುವೆ ಬಿಟ್ಟುಹೋದರೆ ಏನು ಎಂಬ ಐದು ಪ್ರಶ್ನೆಗಳಿಗೆ ಅದರಲ್ಲಿ ಉತ್ತರ ಇರಬೇಕು. ಅನುದಾನ ಸಂಸ್ಥೆಯ ನಿಯಮವೇ ಕೆಲವಕ್ಕೆ ಉತ್ತರ ಕೊಟ್ಟಿರಬಹುದು: ಮೇಲೆ ಹೇಳಿದ ಬೈರಾಕ್ ಒಪ್ಪಂದ ಸಂಶೋಧನಾ ಯೋಜನೆಯಲ್ಲಿ ಬೌದ್ಧಿಕ ಆಸ್ತಿ ಶಿಕ್ಷಣ ಸಂಸ್ಥೆಯಲ್ಲಿಯೇ ಉಳಿಯುತ್ತದೆ ಮತ್ತು ಅದನ್ನು ವಾಣಿಜ್ಯಕ್ಕೆ ಬಳಸುವ ಮೊದಲ ಅವಕಾಶ ಉದ್ದಿಮೆ ಪಾಲುದಾರರಿಗೆ ಸಿಗುತ್ತದೆ. ನನಗೆ ಇದು ನ್ಯಾಯವಾದ ಮಾದರಿಯಾಗಿ ಕಾಣುತ್ತದೆ. ಬೇರೆ ಯೋಜನೆಗಳಲ್ಲಿಯೂ ಇದನ್ನೇ ಆರಂಭಬಿಂದುವಾಗಿ ಇಟ್ಟುಕೊಂಡು ಮಾತನಾಡಬಹುದು.

ಪ್ರಕಟಣೆಯ ವಿಷಯವನ್ನು ನಾನು ಒತ್ತಿ ಹೇಳಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಾನು ಭಾಗಿಯಾಗಿದ್ದ ಜಂಟಿ ಕೆಲಸವೊಂದರಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬರು ಪದವಿಯ ಗಡುವಿಗಾಗಿ ನಮ್ಮ ವಿನ್ಯಾಸದ ಪೂರ್ಣ ವಿವರವನ್ನು ಒಂದು ನಿಯತಕಾಲಿಕೆಯಲ್ಲಿ ಪ್ರಕಟಿಸಿದರು. ಪೇಟೆಂಟ್ ಅರ್ಜಿ ಆಗ ಇನ್ನೂ ಕರಡಿನಲ್ಲಿತ್ತು. ಅರ್ಜಿಗೆ ಮೊದಲೇ ಪ್ರಕಟವಾದದ್ದನ್ನು ಪೇಟೆಂಟ್ ಕಾಯ್ದೆ ಹೊಸತೆಂದು ಒಪ್ಪುವುದಿಲ್ಲ. ಅದರಲ್ಲಿ ಕೆಲವು ಸೀಮಿತ ವಿನಾಯಿತಿಗಳಿವೆಯಾದರೂ ನಮ್ಮ ಪ್ರಕರಣ ಅವುಗಳೊಳಗೆ ಬರಲಿಲ್ಲ. ಎರಡು ವರ್ಷಗಳ ಕೆಲಸದ ಹೊಸತನ ಹನ್ನೊಂದು ಪುಟಗಳಲ್ಲಿ ಕಳೆದುಹೋಯಿತು. ಆ ವಿದ್ಯಾರ್ಥಿಯದು ತಪ್ಪೆಂದು ನಾನು ಇಂದಿಗೂ ಹೇಳಲಾರೆ; ಅವರಿಗೆ ತಿಳಿಸಬೇಕಾಗಿದ್ದವರು ನಾವು. ತಾತ್ಕಾಲಿಕ ವಿವರಣೆಯೊಂದಿಗೆ ಪೇಟೆಂಟ್ ಅರ್ಜಿ ಸಲ್ಲಿಸಿ ದಿನಾಂಕವನ್ನು ಕಾಯ್ದಿರಿಸಿಕೊಂಡರೆ ಪೂರ್ಣ ವಿವರಣೆ ಕೊಡಲು 12 ತಿಂಗಳ ಕಾಲಾವಕಾಶವಿರುತ್ತದೆ. ಅಷ್ಟು ಮಾಡಿಕೊಂಡ ಬಳಿಕ ಪ್ರಬಂಧ ಕಳುಹಿಸಿದರೆ ವಿದ್ಯಾರ್ಥಿಗೂ ತೊಂದರೆಯಿಲ್ಲ, ಉದ್ದಿಮೆಗೂ ನಷ್ಟವಿಲ್ಲ.

ನಾಲ್ಕನೆಯ ಹೆಜ್ಜೆ: ಅಳೆಯಬಹುದಾದ ಗುರಿ, ನಂಬಬಹುದಾದ ಲೆಕ್ಕ

ಅನುದಾನ ಒಂದೇ ಸಲಕ್ಕೆ ಬರುವುದಿಲ್ಲ, ಗುರಿಗಳಿಗೆ ಹೊಂದಿಕೊಂಡು ಕಂತುಗಳಲ್ಲಿ ಬರುತ್ತದೆ. ಹಾಗಾಗಿ ಗುರಿಯನ್ನು ಬರೆಯುವ ರೀತಿ ನೇರವಾಗಿ ಹಣಕ್ಕೆ ಸಂಬಂಧಿಸಿದ್ದು. “ಆರನೆಯ ತಿಂಗಳಿಗೆ ಸೆನ್ಸರ್ ಅಭಿವೃದ್ಧಿ ಪೂರ್ಣಗೊಳ್ಳುತ್ತದೆ” ಎಂದು ಬರೆದರೆ ಪೂರ್ಣವಾಯಿತೇ ಎಂಬುದರ ಬಗ್ಗೆ ಸಮಿತಿಯೊಂದಿಗೆ ವಾದ ಮಾಡುತ್ತಾ ಕೂರಬೇಕಾಗುತ್ತದೆ. “ಹತ್ತು ನೂಲು ಎಳೆಯುವ ಒಂದು ಬೇಸಿನ್ನಿನಲ್ಲಿ, ಎಂಟು ಗಂಟೆಯ ಪಾಳಿಯಲ್ಲಿ, 20–22 ಡೆನಿಯರ್ ನೂಲು ತೆಳುವಾದ ನೂರು ಸಂದರ್ಭಗಳ ಪೈಕಿ ಕನಿಷ್ಠ 85ನ್ನು ಮೂರು ಸೆಕೆಂಡುಗಳೊಳಗೆ ಸೂಚಿಸಬೇಕು” ಎಂದು ಬರೆದರೆ ಯಾರು ಬೇಕಾದರೂ ಗಡಿಯಾರ ಹಿಡಿದು ಪರೀಕ್ಷಿಸಬಹುದು. ಸಂಖ್ಯೆಯನ್ನು ಮಾತ್ರ ಹುರುಪಿನಲ್ಲಿ ಏರಿಸಬೇಡಿ. 99 ಎಂದು ಬರೆದು 90 ಸಾಧಿಸಿದವರು ಕಾಗದದ ಮೇಲೆ ಸೋತವರೇ ಆಗುತ್ತಾರೆ.

ಲೆಕ್ಕದಲ್ಲಿ ಮೊದಲು ಬರುವುದು ಜನರ ಸಂಬಳ. 2023ರಲ್ಲಿ ಪರಿಷ್ಕೃತವಾದ ಕೇಂದ್ರದ ದರದಂತೆ ಕಿರಿಯ ಸಂಶೋಧಕರೊಬ್ಬರಿಗೆ ತಿಂಗಳಿಗೆ 37,000 ರೂಪಾಯಿ ಮತ್ತು ಮನೆಬಾಡಿಗೆ ಭತ್ಯೆ. 18 ತಿಂಗಳಿಗೆ ಭತ್ಯೆ ಬಿಟ್ಟು 6.66 ಲಕ್ಷ ರೂಪಾಯಿಯಾಗುತ್ತದೆ. ಆಮೇಲೆ ಬಿಡಿಭಾಗ, ಪರೀಕ್ಷಾ ಶುಲ್ಕ, ಪ್ರಯಾಣ ಮತ್ತು ಪೇಟೆಂಟ್ ವೆಚ್ಚ. ರೀಲರ್ ಘಟಕದಲ್ಲಿ ಪ್ರಯೋಗ ನಡೆಸುವಾಗ ಕೆಡುವ ಗೂಡಿನ ಬೆಲೆಯನ್ನೂ, ಆ ದಿನಗಳ ಕೂಲಿಯನ್ನೂ ಸೇರಿಸಿ. ಪ್ರಯೋಗದ ನಷ್ಟವನ್ನು ಆ ಸಣ್ಣ ರೀಲರ್ ತನ್ನ ಜೇಬಿನಿಂದ ಭರಿಸುವಂತಾಗಬಾರದು. ಇದನ್ನು ಬಿಟ್ಟ ಬಜೆಟ್ಟುಗಳನ್ನು ನಾನು ಎಷ್ಟೋ ನೋಡಿದ್ದೇನೆ. ಕಟ್ಟಡ, ಪೀಠೋಪಕರಣ, ವಾಹನಗಳಿಗೆ ಸಾಮಾನ್ಯವಾಗಿ ಅವಕಾಶವಿರುವುದಿಲ್ಲ. ನಿಮ್ಮ ಪಾಲಿನ ಹಣ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಬ್ಯಾಂಕ್ ದಾಖಲೆ ಸಿದ್ಧವಿರಲಿ.

ಐದನೆಯ ಹೆಜ್ಜೆ: ಅರ್ಜಿ ಮತ್ತು ಮಂಡನೆ

ಇಷ್ಟು ಆದ ಮೇಲೆ ನಮೂನೆ ತುಂಬಲು ಒಂದು ವಾರ ಸಾಕು. ಮಂಡನೆಗೆ ಪ್ರಾಧ್ಯಾಪಕರೊಬ್ಬರನ್ನೇ ಕಳುಹಿಸದೆ ಉದ್ಯಮಿಯೂ ಹೋಗಬೇಕು. ಇದನ್ನು ಯಾರು ಕೊಳ್ಳುತ್ತಾರೆ, ಎಷ್ಟಕ್ಕೆ ಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಅವರು. ಇಬ್ಬರು ರೀಲರ್‌ಗಳಿಂದ ಪ್ರಯೋಗಕ್ಕೆ ಒಪ್ಪಿಗೆಯ ಪತ್ರ ತಂದಿದ್ದರೆ ಅದರ ತೂಕವೇ ಬೇರೆ.

ಆರನೆಯ ಹೆಜ್ಜೆ: ಮಂಜೂರಾದ ಮೇಲೆ

ಅನುದಾನಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಿರಿ ಮತ್ತು ಕಾರ್ಖಾನೆಯ ದಿನನಿತ್ಯದ ಹಣವನ್ನು ಅದರಲ್ಲಿ ಬೆರೆಸಬೇಡಿ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ ಅನುದಾನದ ಹಣಕ್ಕೆ ಬಂದ ಬಡ್ಡಿ ಸರ್ಕಾರದ್ದು. ಅದನ್ನು ಲೆಕ್ಕ ಅಂತಿಮವಾದ ಕೂಡಲೇ ಹಿಂದಿರುಗಿಸಬೇಕು. ಅನುದಾನದಿಂದ ಕೊಂಡ ಉಪಕರಣವನ್ನು ಪೂರ್ವಾನುಮತಿಯಿಲ್ಲದೆ ಮಾರುವಂತಿಲ್ಲ. ಖರ್ಚಿನ ಬಳಕೆ ಪ್ರಮಾಣಪತ್ರವನ್ನು, ಕಚೇರಿಗಳ ಮಾತಿನಲ್ಲಿ ಯುಸಿಯನ್ನು, ಆರ್ಥಿಕ ವರ್ಷ ಮುಗಿದ 12 ತಿಂಗಳೊಳಗೆ ನಿಗದಿತ ನಮೂನೆಯಲ್ಲಿ ಸಲ್ಲಿಸಬೇಕು. ನನ್ನ ಸಲಹೆ ಏನೆಂದರೆ, ಆ ಗಡುವಿನವರೆಗೆ ಕಾಯದೆ ಏಪ್ರಿಲ್ ತಿಂಗಳಲ್ಲಿಯೇ ಲೆಕ್ಕಪರಿಶೋಧಕರ ಸಹಿ ಹಾಕಿಸಿಬಿಡಿ, ಏಕೆಂದರೆ ಇಬ್ಬರು ಪಾಲುದಾರರಲ್ಲಿ ಒಬ್ಬರ ಯುಸಿ ತಡವಾದರೂ ಮುಂದಿನ ಕಂತು ಇಬ್ಬರಿಗೂ ನಿಲ್ಲುವ ಸಾಧ್ಯತೆಯಿದೆ. ಕಾಲೇಜಿನ ಲೆಕ್ಕ ವಿಭಾಗದಲ್ಲಿ ಈ ಕಡತ ನೋಡುವವರು ಯಾರು ಎಂಬುದನ್ನು ಮೊದಲ ತಿಂಗಳಲ್ಲೇ ತಿಳಿದುಕೊಂಡು ಅವರನ್ನು ಪರಿಚಯ ಮಾಡಿಕೊಳ್ಳಿ.

ಕೆಲಸ ತಡವಾದರೆ ಅವಧಿ ಮುಗಿಯುವ ಮೊದಲೇ ವಿಸ್ತರಣೆ ಕೇಳಿ ಪತ್ರ ಬರೆಯಿರಿ. ಸಕಾರಣ ವಿಳಂಬವನ್ನು ಸಮಿತಿಗಳು ಅರ್ಥಮಾಡಿಕೊಳ್ಳುತ್ತವೆ. ಕೊನೆಯ ಕಂತು ಸಾಮಾನ್ಯವಾಗಿ ಅಂತಿಮ ವರದಿ ಒಪ್ಪಿಗೆಯಾದ ಮೇಲೆ ಬರುತ್ತದೆ. ಆ ನಡುವಿನ ತಿಂಗಳುಗಳಲ್ಲಿಯೂ ಸಂಶೋಧಕರ ಸಂಬಳ ನಿಲ್ಲದಂತೆ, ಕನಿಷ್ಠ ನಾಲ್ಕು ತಿಂಗಳ ವೆಚ್ಚದಷ್ಟು ಸ್ವಂತ ಹಣವನ್ನು ಮೊದಲ ದಿನದಿಂದಲೇ ಬೇರೆ ತೆಗೆದಿಟ್ಟುಕೊಳ್ಳಿ.