ಲೀಗ್ ಹೊಸದಾಗಿ ಕಟ್ಟಿದರೆ ಸಣ್ಣ ತಂಡಕ್ಕೆ ಏನಾಗುತ್ತದೆ? ಹರ್ಲಿಂಗ್‌ನಲ್ಲಿ ಲೆಕ್ಕ ಹಾಕುವುದು ಹೀಗೆ

ಹರ್ಲಿಂಗ್ ಐರ್ಲೆಂಡಿನ ಕೋಲು-ಚೆಂಡಿನ ಆಟ. ಅದರ ಪ್ರಿಯರಿಗೆ ವರ್ಷ ಶುರುವಾಗುವುದೇ ನ್ಯಾಷನಲ್ ಲೀಗ್‌ನಿಂದ. ಜನವರಿ ಚಳಿಯಲ್ಲಿ ಆರಂಭ, ಏಪ್ರಿಲ್ ಹೊತ್ತಿಗೆ ಮುಕ್ತಾಯ. ಅದರ ಬೆನ್ನಿಗೇ ದೊಡ್ಡ ಚಾಂಪಿಯನ್‌ಷಿಪ್, ಅಂದರೆ ಆಲ್ ಐರ್ಲೆಂಡ್. ಈ ಲೀಗ್‌ನ ರೂಪವನ್ನು ಆಟದ ಆಡಳಿತ ಸಂಸ್ಥೆ ಜಿಎಎ ಆಗಾಗ ಬದಲಿಸುತ್ತಲೇ ಇರುತ್ತದೆ. 2012ರಲ್ಲಿ ಒಮ್ಮೆ, 2020ರಲ್ಲಿ ಒಮ್ಮೆ, 2025ರಲ್ಲಿ ಮತ್ತೊಮ್ಮೆ. ಪ್ರತಿ ಸಲವೂ ಚರ್ಚೆಯೆಲ್ಲ ದೊಡ್ಡ ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ತಂಡಗಳಾದ ಕಿಲ್ಕೆನ್ನಿ, ಕಾರ್ಕ್, ಲಿಮರಿಕ್‌ಗಳ ಸುತ್ತ. ಆದರೆ ಪೆಟ್ಟು ಬೀಳುವುದೂ ಲಾಭ ಆಗುವುದೂ ಜಾಸ್ತಿ ಸಣ್ಣ ತಂಡಗಳಿಗೆ. ಹೊಸ ಪಟ್ಟಿ ಕೈಗೆ ಬಂದಾಗ ಅದು ಸಣ್ಣವರ ಪಾಲಿಗೆ ಒಳ್ಳೆಯದೋ ಕೆಟ್ಟದ್ದೋ ಅಂತ ನೀವೇ ಹೇಳಬಹುದು. ಒಂದೊಂದಾಗಿ ನೋಡೋಣ.

1. ಮೊದಲು ಸ್ಕೋರ್ ಓದುವುದನ್ನು ಕಲಿಯಿರಿ

ತಂಡಕ್ಕೆ 15 ಜನ. ಕೈಯಲ್ಲಿ ಹರ್ಲಿ ಎಂಬ ಆಶ್ ಮರದ ಕೋಲು, ಆಡುವುದು ಸ್ಲಿಟರ್ ಎಂಬ ಸಣ್ಣ ಗಟ್ಟಿ ಚೆಂಡಿನಲ್ಲಿ. ಗೋಲ್‌ನ ಅಡ್ಡಪಟ್ಟಿಯ ಮೇಲಿಂದ ಚೆಂಡು ಹೋದರೆ 1 ಪಾಯಿಂಟ್. ಕೆಳಗಿನಿಂದ ಬಲೆಗೆ ಬಿದ್ದರೆ ಗೋಲ್, ಅಂದರೆ 3 ಪಾಯಿಂಟ್. 4-18 ಅಂತ ಬರೆದಿದ್ದರೆ 4 ಗೋಲ್, 18 ಪಾಯಿಂಟ್. ಒಟ್ಟು 30.

ಗೆದ್ದರಾ ಸೋತರಾ ಅನ್ನುವುದಕ್ಕಿಂತ ಎಷ್ಟು ಅಂತರ ಅನ್ನುವುದೇ ಇಲ್ಲಿ ಮುಖ್ಯ. ನಾನು ಇಟ್ಟುಕೊಂಡಿರುವ ಅಳತೆ ಇದು: 6 ಪಾಯಿಂಟ್ ಒಳಗಿನ ಸೋಲು ನಿಜವಾದ ಪಂದ್ಯ. ಯಾಕೆಂದರೆ ಎರಡು ಗೋಲ್ ಎರಡೇ ನಿಮಿಷದಲ್ಲಿ ಬರಬಹುದು. 12 ದಾಟಿದರೆ ಪಂದ್ಯ ಏಕಪಕ್ಷೀಯ. ನಿಮಗೆ ಆಸಕ್ತಿ ಇರುವ ತಂಡದ ಹಿಂದಿನ ಎರಡು ಲೀಗ್‌ಗಳ ಅಂತರಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮುಂದಿನ ಎಲ್ಲ ಲೆಕ್ಕಕ್ಕೂ ಆ ಹಾಳೆ ಬೇಕು.

2. ಗುಂಪಿನಲ್ಲಿ ಯಾರ ಜೊತೆ ಹಾಕಿದ್ದಾರೆ ನೋಡಿ

ಲೀಗ್ ಕಟ್ಟುವುದಕ್ಕೆ ಮುಖ್ಯವಾಗಿ ಎರಡು ದಾರಿ. ಒಂದು, ಬಲಿಷ್ಠರನ್ನೂ ದುರ್ಬಲರನ್ನೂ ಬೆರೆಸಿ ಸಮಾನ ಗುಂಪು ಮಾಡುವುದು. ಇನ್ನೊಂದು, ಬಲ ನೋಡಿ ಮೇಲೆ ಕೆಳಗೆ ಜೋಡಿಸುವುದು, ನಮ್ಮ ರಣಜಿಯ ಎಲೀಟ್, ಪ್ಲೇಟ್ ಇದ್ದ ಹಾಗೆ.

2020ರಿಂದ 2024ರವರೆಗೆ ಇದ್ದದ್ದು ಮೊದಲ ದಾರಿ. ಒಂದನೇ ಡಿವಿಷನ್‌ನ 12 ತಂಡಗಳನ್ನು ಆರಾರರ ಎರಡು ಗುಂಪು ಮಾಡಿದ್ದರು. 2020ರಲ್ಲಿ ವೆಸ್ಟ್‌ಮೀತ್ ಬಿದ್ದ ಗುಂಪಿನಲ್ಲಿ ಕಾರ್ಕ್, ಗಾಲ್ವೇ, ಲಿಮರಿಕ್, ಟಿಪ್ಪರೇರಿ, ವಾಟರ್‌ಫರ್ಡ್ ಇದ್ದವು. ಇದರಲ್ಲಿ ವೆಸ್ಟ್‌ಮೀತ್ ಗೆಲ್ಲಬಹುದಾದ ಪಂದ್ಯ ಯಾವುದು ಹೇಳಿ? ಒಂದೂ ಇಲ್ಲ, ಅಲ್ವಾ?

2025ರಲ್ಲಿ ಎರಡನೇ ದಾರಿಗೆ ಬಂದರು. 1ಎ ಗುಂಪಿಗೆ ಏಳು: ಕ್ಲೇರ್, ಕಾರ್ಕ್, ಗಾಲ್ವೇ, ಕಿಲ್ಕೆನ್ನಿ, ಲಿಮರಿಕ್, ಟಿಪ್ಪರೇರಿ, ವೆಕ್ಸ್‌ಫರ್ಡ್. 1ಬಿ ಗುಂಪಿಗೆ ಏಳು: ಆಂಟ್ರಿಮ್, ಕಾರ್ಲೋ, ಡಬ್ಲಿನ್, ಲೀಶ್, ಆಫಲಿ, ವಾಟರ್‌ಫರ್ಡ್, ವೆಸ್ಟ್‌ಮೀತ್. ಆ ವರ್ಷ ಅದೇ ವೆಸ್ಟ್‌ಮೀತ್‌ಗೆ ಲೀಶ್, ಕಾರ್ಲೋ, ಆಂಟ್ರಿಮ್ ಎದುರಾಳಿಗಳಾದವು. ಡಬ್ಲಿನ್, ವಾಟರ್‌ಫರ್ಡ್ ಎದುರು ಕಷ್ಟದ ಪಂದ್ಯಗಳೂ ಇದ್ದವು. ಪಂದ್ಯದ ಸಂಖ್ಯೆಯೂ ಐದರಿಂದ ಆರಕ್ಕೆ ಏರಿತು.

ನಿಮ್ಮ ಹಾಳೆ ತೆಗೆದು, ಹೊಸ ಗುಂಪಿನಲ್ಲಿ 6 ಪಾಯಿಂಟ್ ಒಳಗೆ ಮುಗಿಯಬಹುದಾದ ಪಂದ್ಯ ಎಷ್ಟು ಅಂತ ಗುರುತು ಹಾಕಿ. ಮೂರಕ್ಕಿಂತ ಕಡಿಮೆ ಬಂದರೆ ಆ ರಚನೆ ನಿಮ್ಮ ತಂಡಕ್ಕೆ ಒಳ್ಳೆಯದು ಮಾಡುವುದಿಲ್ಲ ಅಂತಲೇ ನನ್ನ ಅಭಿಪ್ರಾಯ.

ದೊಡ್ಡವರ ಜೊತೆ ಆಡಿದರೆ ತಾನೇ ಕಲಿಯುವುದು ಅಂತ ವಾದ ಮಾಡುವವರಿದ್ದಾರೆ. ಅದರಲ್ಲಿ ನಿಜ ಇದೆ. 2021ರಲ್ಲಿ ಆಂಟ್ರಿಮ್ ತಂಡ ಬೆಲ್‌ಫಾಸ್ಟ್‌ನ ಕಾರಿಗನ್ ಪಾರ್ಕ್‌ನಲ್ಲಿ ಕ್ಲೇರ್ ತಂಡವನ್ನೇ ಸೋಲಿಸಿತು. ವೆಸ್ಟ್‌ಮೀತ್ 2023ರ ಲೀಗ್ ಪೂರ್ತಿ ದೊಡ್ಡವರ ಕೈಯಲ್ಲಿ ಏಟು ತಿಂದಿತ್ತು. ಅದೇ ವರ್ಷ ಚಾಂಪಿಯನ್‌ಷಿಪ್‌ನಲ್ಲಿ ವೆಕ್ಸ್‌ಫರ್ಡ್ ಅನ್ನು ಅವರ ಊರಲ್ಲೇ 4-18, 2-22ರಿಂದ ಮಣಿಸಿತು. ಅದೂ 17 ಪಾಯಿಂಟ್ ಹಿಂದೆ ಬಿದ್ದಿದ್ದ ಪಂದ್ಯ! ಆ ಏಟುಗಳು ಅವರನ್ನು ಗಟ್ಟಿ ಮಾಡಿರಲೂಬಹುದು. ಆದರೆ ಇಂಥ ದಿನಗಳನ್ನು ಬೆರಳಲ್ಲಿ ಎಣಿಸಬಹುದು. ಏಕಪಕ್ಷೀಯ ಸೋಲುಗಳಿಗೆ ಲೆಕ್ಕವಿಲ್ಲ.

3. ಎಷ್ಟು ಜನ ಮೇಲೆ, ಎಷ್ಟು ಜನ ಕೆಳಗೆ

ಇದನ್ನು ಹೆಚ್ಚಿನವರು ಓದುವುದೇ ಇಲ್ಲ. ನನಗೆ ಮಾತ್ರ ಇದೇ ಎಲ್ಲಕ್ಕಿಂತ ದೊಡ್ಡ ವಿಷಯ.

ಹಳೆಯ ಸಮಾನ ಗುಂಪಿನಲ್ಲಿ ಎರಡೂ ಗುಂಪಿನ ಕೊನೆಯ ತಂಡಗಳು ಒಂದು ಪ್ಲೇ-ಆಫ್ ಆಡುತ್ತಿದ್ದವು. ಸೋತವರು ಕೆಳಗೆ. ಅಂದರೆ 12ರಲ್ಲಿ ಒಂದೇ ತಂಡಕ್ಕೆ ಹಿಂಬಡ್ತಿ. ಕೇಳಲು ಸುರಕ್ಷಿತ ಅನ್ನಿಸುತ್ತದೆ. ನಡೆದದ್ದೇನು? ಸಣ್ಣ ತಂಡಕ್ಕೆ ಲೀಗ್ ಅಂದರೆ ಐದು ಸೋಲು, ಆಮೇಲೆ ಒಂದು ಪ್ಲೇ-ಆಫ್. 2022ರಲ್ಲಿ ಆಂಟ್ರಿಮ್ ಎದುರು ಆಫಲಿ, 2023ರಲ್ಲಿ ವೆಸ್ಟ್‌ಮೀತ್ ಎದುರು ಲೀಶ್. ಇಡೀ ಲೀಗ್‌ನಲ್ಲಿ ಆ ಒಂದು ಮಧ್ಯಾಹ್ನ ಮಾತ್ರ ಅವರ ಪಾಲಿಗೆ ನಿಜವಾದ ಪೈಪೋಟಿ. ಕೆಳಗಿನಿಂದ ಬರುವವರಿಗೂ ಒಂದೇ ಜಾಗ ಖಾಲಿ.

ಹೊಸ ರಚನೆಯಲ್ಲಿ 1ಎಯಿಂದ ಇಬ್ಬರು ಇಳಿಯುತ್ತಾರೆ, 1ಬಿಯಿಂದ ಇಬ್ಬರು ಏರುತ್ತಾರೆ. ಏಳರಲ್ಲಿ ಎರಡು ಅಂದರೆ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಮೊದಲ ವರ್ಷವೇ ಏನಾಯಿತು ನೋಡಿ. 2024ರ ಆಲ್ ಐರ್ಲೆಂಡ್ ಚಾಂಪಿಯನ್ ಕ್ಲೇರ್, ಜೊತೆಗೆ ವೆಕ್ಸ್‌ಫರ್ಡ್ ಕೆಳಗಿಳಿದವು. ವಾಟರ್‌ಫರ್ಡ್, ಆಫಲಿ ಮೇಲೇರಿದವು. ಚಾಂಪಿಯನ್ನರೇ ಇಳಿಯುತ್ತಾರೆ ಅಂದರೆ ಸಣ್ಣವರಿಗೆ ಬಾಗಿಲು ನಿಜಕ್ಕೂ ತೆರೆದಿದೆ ಅಂತ ಅರ್ಥ. ಹಾಗೆಯೇ, ಮೇಲೆ ಬಂದವರು ಒಂದೇ ವರ್ಷದಲ್ಲಿ ವಾಪಸ್ ಹೋಗುವ ಭಯವೂ ಜಾಸ್ತಿ. ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಚಾಂಪಿಯನ್‌ಷಿಪ್‌ಗೆ ಬೇರೆಯೇ ಮೆಟ್ಟಿಲುಗಳಿವೆ ಅನ್ನುವುದನ್ನು ಮರೆಯಬೇಡಿ. ಮೇಲೆ ಲಿಯಾಮ್ ಮೆಕಾರ್ಥಿ ಕಪ್, ಅಂದರೆ ಆಲ್ ಐರ್ಲೆಂಡ್ ಕಪ್, ಅದಕ್ಕೆ 11 ತಂಡ. ಕೆಳಗೆ ಕ್ರಮವಾಗಿ ಜೋ ಮೆಕ್‌ಡೊನಾ, ಕ್ರಿಸ್ಟಿ ರಿಂಗ್, ನಿಕಿ ರಾಕಾರ್ಡ್, ಲೋರಿ ಮಹರ್ ಕಪ್‌ಗಳು. ಅಲ್ಲಿ ಒಂದು ಹಂತಕ್ಕೆ ಒಂದೇ ತಂಡ ಮೇಲೆ, ಒಂದೇ ಕೆಳಗೆ. ವೆಕ್ಸ್‌ಫರ್ಡ್ ಅನ್ನು ಸೋಲಿಸಿದ ಆ ವರ್ಷವೇ ವೆಸ್ಟ್‌ಮೀತ್ ಕೆಳಗಿನ ಹಂತಕ್ಕೆ ಇಳಿಯಬೇಕಾಯಿತು. ಅಂಥ ಗೆಲುವೂ ಅವರನ್ನು ಉಳಿಸಲಿಲ್ಲ.

4. ಕೆಳಗಿನ ಗುಂಪು ಅಂದರೆ ಮುಗಿಯಿತಾ? ಹಳೆಯ ದಾಖಲೆ ನೋಡಿ

ತಂಡ 1ಬಿಗೆ ಬಿದ್ದರೆ ಅಭಿಮಾನಿಗಳು ಕಂಗಾಲಾಗುತ್ತಾರೆ. ಅಷ್ಟು ಹೆದರಬೇಕಿಲ್ಲ. 2020ಕ್ಕೆ ಮೊದಲೂ ಬಲ ನೋಡಿಯೇ 1ಎ, 1ಬಿ ಮಾಡುತ್ತಿದ್ದರು. ವಾಟರ್‌ಫರ್ಡ್ 2015ರಲ್ಲಿ 1ಬಿಯಿಂದಲೇ ಬಂದು ಲೀಗ್ ಗೆದ್ದಿತು. ಗಾಲ್ವೇ 2017ರಲ್ಲಿ 1ಬಿಯಲ್ಲಿ ಆಡಿ ಲೀಗ್ ಕಪ್ ಮಾತ್ರವಲ್ಲ, ಆಲ್ ಐರ್ಲೆಂಡ್ ಕಪ್ಪನ್ನೂ ಎತ್ತಿತು. ವರ್ಷಗಟ್ಟಲೆ 1ಬಿಯಲ್ಲಿ ಸಿಕ್ಕಿಬಿದ್ದಿದ್ದ ಲಿಮರಿಕ್ 2018ರಲ್ಲಿ ಅಲ್ಲಿಂದ ಹೊರಬಂದು ಅದೇ ವರ್ಷ ಚಾಂಪಿಯನ್ ಆಯಿತು. 2025ರಲ್ಲಿ 1ಬಿ ತಂಡ ಡಬ್ಲಿನ್ ಆಲ್ ಐರ್ಲೆಂಡ್ ಕ್ವಾರ್ಟರ್ ಫೈನಲ್‌ನಲ್ಲಿ ಲಿಮರಿಕ್ ಅನ್ನು ಹೊರಹಾಕಿತು.

ಇವೆಲ್ಲ ಆಗಲೇ ಗಟ್ಟಿಯಾದ ತಂಡಗಳು, ನಿಜ. ಸಣ್ಣವರ ಲೆಕ್ಕಕ್ಕೆ ಆಫಲಿಯನ್ನು ನೋಡಿ. 1981, 1985, 1994, 1998ರಲ್ಲಿ ಆಲ್ ಐರ್ಲೆಂಡ್ ಗೆದ್ದ ಕೌಂಟಿ ಅದು. 2018ರಲ್ಲಿ ಜೋ ಮೆಕ್‌ಡೊನಾ ಹಂತಕ್ಕೆ ಜಾರಿತು. ಮರುವರ್ಷವೇ ಅಲ್ಲಿಂದಲೂ ಕ್ರಿಸ್ಟಿ ರಿಂಗ್ ಹಂತಕ್ಕೆ. ಆ ಅಭಿಮಾನಿಗಳ ನೋವು ಹೇಗಿತ್ತೋ ಊಹಿಸಿಕೊಳ್ಳಿ. ಅವರು ಮೆಟ್ಟಿಲು ಮೆಟ್ಟಿಲಾಗಿ ಹತ್ತಿದರು. 2021ರಲ್ಲಿ ಕ್ರಿಸ್ಟಿ ರಿಂಗ್ ಗೆದ್ದರು. 2022ರಲ್ಲಿ ಲೀಗ್‌ನ ಒಂದನೇ ಡಿವಿಷನ್‌ಗೆ ಬಂದು ದೊಡ್ಡವರ ಎದುರು ತತ್ತರಿಸಿ ವಾಪಸ್ ಹೋದರು. 2024ರಲ್ಲಿ ಜೋ ಮೆಕ್‌ಡೊನಾ ಗೆದ್ದರು. ಅದೇ ವರ್ಷ ಅವರ 20 ವರ್ಷದೊಳಗಿನ ಹುಡುಗರು ಮೊದಲ ಸಲ ಆಲ್ ಐರ್ಲೆಂಡ್ ತಂದರು. 2025ರಲ್ಲಿ ತಮ್ಮ ಮಟ್ಟದ 1ಬಿ ಸಿಕ್ಕಿತು, ಅಲ್ಲಿಂದ 1ಎಗೆ ಏರಿದರು. ಬಿದ್ದಾಗ ಅವರಿಗೆ ಗೆಲ್ಲಬಹುದಾದ ಪಂದ್ಯಗಳು ಸಿಕ್ಕವು. ಅದೇ ಅವರನ್ನು ಎತ್ತಿತು.

5. ಆಟಗಾರರು ಉಳಿಯುತ್ತಾರಾ?

ಹರ್ಲಿಂಗ್ ಆಟಗಾರರಿಗೆ ಸಂಬಳ ಇಲ್ಲ. ಹಗಲು ಕೆಲಸ ಅಥವಾ ಕಾಲೇಜು, ಸಂಜೆ ಅಭ್ಯಾಸ. ವಾರ ವಾರ 20 ಪಾಯಿಂಟ್ ಅಂತರದಲ್ಲಿ ಸೋಲುವ ತಂಡಕ್ಕೆ ಚಳಿಗಾಲ ಪೂರ್ತಿ ಬೆವರು ಸುರಿಸಿ ಅಂದರೆ ಎಷ್ಟು ದಿನ ಬಂದಾರು? ಕ್ಲಬ್ ಆಟವೇ ಸಾಕು ಅನ್ನುತ್ತಾರೆ, ಇಲ್ಲವೇ ಗೇಲಿಕ್ ಫುಟ್‌ಬಾಲ್ ಕಡೆ ಹೋಗುತ್ತಾರೆ. ಹಾಗಾಗಿ ವೇಳಾಪಟ್ಟಿಯಲ್ಲಿ ತವರಿನ ಪಂದ್ಯ ಎಷ್ಟು, ಪ್ರಯಾಣ ಎಷ್ಟು ಅಂತಲೂ ನೋಡಿ. ಬೆಲ್‌ಫಾಸ್ಟ್‌ನಿಂದ ಕಾರ್ಕ್‌ಗೆ 400 ಕಿಲೋಮೀಟರ್‌ಗೂ ಹೆಚ್ಚು ದೂರ. ಆರು ಪಂದ್ಯದ ಗುಂಪಿನಲ್ಲಿ ಎಲ್ಲರಿಗೂ ಮೂರು ತವರು, ಮೂರು ಹೊರಗೆ. ಐದರಲ್ಲಿ ಯಾರಿಗೋ ಎರಡೇ ತವರು.

6. ಕೊನೆಗೆ, ಪಟ್ಟಿಯ ಅಡಿಯಲ್ಲಿ ಯಾರಿದ್ದಾರೆ, ಯಾರು ಇಲ್ಲ

ಹೊಸ ಪಟ್ಟಿ ಬಂದ ಕೂಡಲೇ ನಾನು ಕೆಳಗಿನಿಂದ ಮೇಲಕ್ಕೆ ಓದುತ್ತೇನೆ. ಅದಕ್ಕೆ ಕಾರಣ ಇದೆ. 2025ರ ಬದಲಾವಣೆಗೆ ಮೊದಲು, 2023ರಲ್ಲಿ, ಕ್ಯಾವನ್, ಫರ್ಮಾನಾ, ಲೀಟ್ರಿಮ್, ಲಾಂಗ್‌ಫರ್ಡ್, ಲೌತ್ ಎಂಬ ಐದು ಕೌಂಟಿಗಳನ್ನು ಲೀಗ್‌ನಿಂದಲೇ ಕೈಬಿಡುವ ಪ್ರಸ್ತಾಪ ಬಂದಿತ್ತು. ಅಲ್ಲಿ ಹರ್ಲಿಂಗ್ ಕ್ಲಬ್‌ಗಳು ತೀರಾ ಕಡಿಮೆ, ಕೌಂಟಿ ತಂಡಕ್ಕೆ ಖರ್ಚಾಗುವ ಹಣವನ್ನು ಮಕ್ಕಳ ಆಟಕ್ಕೆ ಹಾಕೋಣ ಅನ್ನುವುದು ವಾದ. ಆಟಗಾರರ ಸಂಘವೂ ಆ ಕೌಂಟಿಗಳೂ ಜೋರಾಗಿ ಎದ್ದು ನಿಂತವು. ಪ್ರಸ್ತಾಪ ಮುಂದೆ ಹೋಗಲಿಲ್ಲ.

ಮಕ್ಕಳಿಗೆ ಹಣ ಹಾಕಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಲೀಟ್ರಿಮ್‌ನ ಹುಡುಗನೊಬ್ಬ ಹರ್ಲಿ ಹಿಡಿದರೆ, ಬೆಳೆದು ಯಾವ ಅಂಗಿ ಹಾಕಿಕೊಳ್ಳಬೇಕು? ಕೌಂಟಿ ತಂಡವೇ ಇಲ್ಲದಿದ್ದರೆ ಅವನ ಕನಸಿಗೆ ಗುರಿ ಎಲ್ಲಿ? ಅದಕ್ಕೇ ಮುಂದಿನ ಸಲ ಹೊಸ ರಚನೆಯ ಕರಡು ಬಂದಾಗ ಈ ಐದು ಹೆಸರನ್ನು ಮೊದಲು ಹುಡುಕಿ. ಆಮೇಲೆ ಅವರಿಗೆ ಎಷ್ಟು ಪಂದ್ಯ ಕೊಟ್ಟಿದ್ದಾರೆ, ಅಲ್ಲಿಂದ ಮೇಲಿನ ಡಿವಿಷನ್‌ಗೆ ಎಷ್ಟು ಜಾಗ ಬಿಟ್ಟಿದ್ದಾರೆ ಅಂತ ನೋಡಿ. 1ಎ ಪಟ್ಟಿ ಓದುವುದು ಅದಾದ ಮೇಲೆ.