ಕೊಟ್ಟವರ ಕಥೆ ಪಡೆದವರ ಬಾಯಲ್ಲಿ: ಮನೆಯ ಹಿರಿಯಜ್ಜಿಯ ಬದುಕನ್ನು ದಾಖಲಿಸುವ ಕ್ರಮ

ಬಂದವರಿಗೆಲ್ಲ ಅನ್ನವಿಕ್ಕಿ, ನಾಲ್ಕಾರು ಸಂಸಾರಗಳಿಗೆ ಆಸರೆಯಾಗಿ ಬಾಳಿದ ಅಜ್ಜಿಯೊಬ್ಬರ ಬದುಕನ್ನು ಬರೆದಿಡಲು ಹೊರಟ ಮಕ್ಕಳು ಮೊಮ್ಮಕ್ಕಳಿಗೆ ಮೊದಲು ಎದುರಾಗುವ ತೊಡಕೆಂದರೆ, ಕೊಟ್ಟವರಿಗೆ ತಾವು ಕೊಟ್ಟದ್ದು ನೆನಪಿರುವುದಿಲ್ಲ, ನೆನಪಿದ್ದರೂ ಹೇಳಿಕೊಳ್ಳುವುದು ಅವರ ಜಾಯಮಾನವಲ್ಲ. “ಅದೇನ್ ಮಹಾ, ಇದ್ದಿದ್ದನ್ನ ಬಡಿಸ್ದೆ” ಎಂಬಲ್ಲಿಗೆ ಅವರ ಮಾತು ಮುಗಿಯುತ್ತದೆ. ಆದ್ದರಿಂದ ಇಂಥವರ ಚರಿತ್ರೆಯನ್ನು ಬರೆಯುವವರು ಪಡೆದವರನ್ನು ಹುಡುಕಿಕೊಂಡು ಹೋಗಬೇಕು. ಅಜ್ಜಿ ತೀರಿಕೊಂಡಿದ್ದರಂತೂ ಬೇರೆ ದಾರಿಯೇ ಇಲ್ಲ.

ಹುಡುಕಾಟವನ್ನು ಮನೆಯ ಹಳೆಯ ಟ್ರಂಕಿನಿಂದ ಆರಂಭಿಸಬಹುದು. ಮದುವೆ, ಮುಂಜಿ, ಗೃಹಪ್ರವೇಶಗಳಲ್ಲಿ ಯಾರು ಎಷ್ಟು ಮುಯ್ಯಿ ಮಾಡಿದರೆಂದು ಬರೆದಿಟ್ಟ ಪಟ್ಟಿ ಬಹುತೇಕ ಮನೆಗಳಲ್ಲಿ ಸಿಗುತ್ತದೆ. ಮಾಗಡಿ, ಹೊಸಕೋಟೆ, ಕನಕಪುರ ಎಂದು ಊರಿನ ಹೆಸರಿನೊಂದಿಗೇ ನಮೂದಾಗಿರುವ ಆ ಹೆಸರುಗಳು ಅಜ್ಜಿಯ ಬಳಗದ ನಕ್ಷೆಯನ್ನೇ ತೆರೆದಿಡುತ್ತವೆ. ಹಳೆಯ ಪಂಚಾಂಗಗಳ ಅಂಚಿನಲ್ಲಿ ಗೀಚಿದ ಹಾಲಿನ ಲೆಕ್ಕ, ಚೀಟಿ ಹಣದ ಲೆಕ್ಕ, ಕೈಗಡದ ಟಿಪ್ಪಣಿಗಳನ್ನೂ ರದ್ದಿಗೆ ಹಾಕಬೇಡಿ. ಇವುಗಳಿಂದ ಹೆಸರುಗಳನ್ನು ಆಯ್ದುಕೊಂಡು, ರಕ್ತಸಂಬಂಧಿಗಳ ಆಚೆಗೆ ಇರುವವರನ್ನೇ ಮೊದಲು ಭೇಟಿಯಾಗುವುದು ಒಳ್ಳೆಯದು: ಹೂ ಮಾರುತ್ತಿದ್ದವರು, ಮನೆಗೆಲಸದವರು, ಔಟ್‌ಹೌಸಿನಲ್ಲಿ ಬಾಡಿಗೆಗಿದ್ದವರು, ಪಕ್ಕದ ಮನೆಯವರು, ಓದಲು ಬಂದು ಮನೆಯಲ್ಲಿ ಉಳಿದಿದ್ದ ಹುಡುಗರು. ಸಂಬಂಧಿಕರು ಹೇಗೂ ಸಿಗುತ್ತಾರೆ, ಹೇಳಿದ್ದನ್ನೇ ಹೇಳುತ್ತಾರೆ.

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರದಂಥ ಬಡಾವಣೆಗಳಲ್ಲಿ ಹಿಂದೆ ವಾರಾನ್ನದ ಪದ್ಧತಿಯಿತ್ತು. ಬಡ ವಿದ್ಯಾರ್ಥಿಯೊಬ್ಬ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಉಂಡು ಓದು ಮುಗಿಸುತ್ತಿದ್ದ. ಹಾಗೆ ಉಂಡವರು ಇಂದು ಎಂಬತ್ತರ ಆಸುಪಾಸಿನಲ್ಲಿರುವುದರಿಂದ ಅವರೊಡನೆ ಮಾತನಾಡುವುದನ್ನು ಮುಂದೂಡಬಾರದು. “ಅವರು ಹೇಗಿದ್ದರು?” ಎಂದು ಕೇಳಿದರೆ “ದೇವತೆಯಂಥವರು” ಎಂಬ ಉತ್ತರ ಬಂದು ಮಾತು ಅಲ್ಲಿಗೇ ನಿಲ್ಲುತ್ತದೆ. ಅದರ ಬದಲು, ನಿಮ್ಮ ವಾರ ಯಾವುದಿತ್ತು, ಎಲೆ ಎಲ್ಲಿ ಹಾಕುತ್ತಿದ್ದರು, ಮನೆಯ ಗಂಡಸರು ಉಂಡ ಮೇಲೋ ಅವರ ಜೊತೆಯಲ್ಲೋ, ಪರೀಕ್ಷೆಯ ದಿನ ಏನಾದರೂ ಬೇರೆ ಇರುತ್ತಿತ್ತೇ ಎಂದು ಕೇಳಬೇಕು. ನಡುಮನೆಯಲ್ಲಿ ಯಾರಿಗೆ ಎಲೆ ಹಾಕುತ್ತಿದ್ದರು, ಹಿತ್ತಿಲ ಬಾಗಿಲಲ್ಲಿ ಯಾರಿಗೆ ತಟ್ಟೆ ಕೊಡುತ್ತಿದ್ದರು ಎಂಬ ಪ್ರಶ್ನೆಯನ್ನೂ ಬಿಡಬಾರದು; ಉತ್ತರ ಮುಜುಗರ ತಂದರೂ ಅದು ಅಜ್ಜಿಯ ಕಾಲದ್ದೂ ಹೌದು, ಅಜ್ಜಿಯದೂ ಹೌದು. ಆದರೆ ಸಾಲ ಪಡೆದವರ, ಹಸಿವು ಅನುಭವಿಸಿದವರ ಹೆಸರನ್ನು ಅವರ ಒಪ್ಪಿಗೆಯಿಲ್ಲದೆ ಬರೆಯಕೂಡದು. ತಮ್ಮ ಮಕ್ಕಳಿಗೇ ಹೇಳದ ಸಂಗತಿಯನ್ನು ಕೆಲವರು ನಿಮಗೆ ಹೇಳಿರುತ್ತಾರೆ.

ಔದಾರ್ಯಕ್ಕೆ ಒಂದು ಖರ್ಚೂ ಇರುತ್ತದೆ, ಅದನ್ನು ಯಾರು ಭರಿಸಿದರೆಂದು ವಿಚಾರಿಸುವುದು ಈ ಕೆಲಸದ ಅತ್ಯಂತ ಸೂಕ್ಷ್ಮವಾದ, ನನ್ನ ಅಭಿಪ್ರಾಯದಲ್ಲಿ ಅತ್ಯಂತ ಮುಖ್ಯವಾದ ಭಾಗ. ಹೊತ್ತಲ್ಲದ ಹೊತ್ತಿನಲ್ಲಿ ಬಂದ ಐದು ಜನಕ್ಕೆ ಅಜ್ಜಿ “ಕೂತ್ಕೊಳ್ಳಿ” ಅಂದಾಗ ಒರಳಿನ ಮುಂದೆ ಕುಳಿತು ರುಬ್ಬಿದವರು ಸೊಸೆಯಂದಿರು; ಹೆಣ್ಣುಮಕ್ಕಳ ಬಾಣಂತನವೆಲ್ಲ ಆ ಮನೆಯಲ್ಲೇ ಆಯಿತೆಂದರೆ ನೀರು ಕಾಯಿಸಿದವರೂ ಅವರೇ. ಅವರನ್ನು ಅತ್ತೆಯ ಮಕ್ಕಳ ಎದುರಿನಲ್ಲಿ ಕೂರಿಸಿ ಕೇಳಬೇಡಿ, ಪ್ರತ್ಯೇಕವಾಗಿ ಕೇಳಿ. ಹಣ ಎಲ್ಲಿಂದ ಬರುತ್ತಿತ್ತು, ಸಾಸಿವೆ ಡಬ್ಬಿಯಲ್ಲಿ ಉಳಿಸಿದ್ದೋ, ಚೀಟಿ ಎತ್ತಿದ್ದೋ, ಒಡವೆ ಅಡವಿಟ್ಟದ್ದೋ, ಯಜಮಾನರಿಗೆ ಗೊತ್ತಿತ್ತೋ ಇಲ್ಲವೋ ಎಂಬ ವಿವರಗಳು ಸಿಕ್ಕಷ್ಟೂ ಅಜ್ಜಿ ಬರಿಯ ಮೃದು ಮನಸ್ಸಿನವರಲ್ಲ, ಲೆಕ್ಕ ಬಲ್ಲವರು, ಪಟ್ಟು ಹಿಡಿಯಬಲ್ಲವರು ಎಂಬುದು ಕಾಣತೊಡಗುತ್ತದೆ.

ಅಜ್ಜಿ ಇನ್ನೂ ಜೊತೆಯಲ್ಲಿದ್ದರೆ, ಮಧ್ಯಾಹ್ನ ಮಲಗಿ ಎದ್ದು ಕಾಫಿ ಕುಡಿದ ಮೇಲಿನ ಹೊತ್ತು ಮಾತಿಗೆ ಪ್ರಶಸ್ತ. ಫ್ಯಾನ್ ಆರಿಸಿ, ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಮಡಿಸಿದ ಟವೆಲಿನ ಮೇಲೆ ಅವರ ಸಮೀಪ ಇಟ್ಟರೆ ಧ್ವನಿ ಸ್ಪಷ್ಟವಾಗಿ ಬರುತ್ತದೆ. ಅವರು ಅವರೆಕಾಳು ಬಿಡಿಸುತ್ತಲೋ ಹೂ ಕಟ್ಟುತ್ತಲೋ ಇದ್ದರೆ ಇನ್ನೂ ಒಳ್ಳೆಯದು, ಕೈಗೆ ಕೆಲಸವಿದ್ದಾಗ ಮಾತು ಸಲೀಸಾಗಿ ಹರಿಯುತ್ತದೆ. ಅರ್ಧ ಗಂಟೆಗೆ ನಿಲ್ಲಿಸಿಬಿಡಿ.

ಇಸವಿಗಳನ್ನು ನೇರವಾಗಿ ಕೇಳಿದರೆ ಪ್ರಯೋಜನವಿಲ್ಲ. ಆ ತಲೆಮಾರಿನ ಅನೇಕರ ಶಾಲಾ ದಾಖಲೆಯ ಜನ್ಮದಿನ ಮೇಷ್ಟರು ಅಂದಾಜಿನಲ್ಲಿ ಬರೆದದ್ದು. ಸಂವತ್ಸರ, ಮಾಸ, ತಿಥಿಗಳು ನೆನಪಿದ್ದರೆ ಅವೇ ಹೆಚ್ಚು ನಂಬಿಕೆಗೆ ಅರ್ಹ. ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳುವುದರಿಂದ ತಾರಣ ಎಂದರೆ 1944-45, ಸರ್ವಜಿತ್ ಎಂದರೆ 1947-48 ಎಂದು ಹೊಂದಿಸಿಕೊಳ್ಳಬಹುದು. ಉಳಿದ ಘಟನೆಗಳಿಗೆ ಊರಿನ ನೆನಪುಗಳನ್ನೇ ಆಧಾರವಾಗಿ ಹಿಡಿಯಬೇಕು: ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡದ್ದು (1940), ಆಣೆ ಹೋಗಿ ನಯಾಪೈಸೆ ಬಂದದ್ದು (1957), ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾದದ್ದು (1973), ಕಾವೇರಿ ನೀರು ಬೆಂಗಳೂರಿಗೆ ಬಂದದ್ದು (1974). “ಮನೆಗೆ ಕಾವೇರಿ ನೀರು ಬರೋದಕ್ಕೆ ಮುಂಚೆನೋ ಆಮೇಲೋ?” ಎಂಬ ಪ್ರಶ್ನೆಗೆ ಕೊಡ ಹೊತ್ತ ಹೆಂಗಸರು ತಪ್ಪು ಉತ್ತರ ಕೊಡುವುದು ಅಪರೂಪ.

ಫೋಟೋಗಳ ವಿಚಾರದಲ್ಲಿ ಎರಡೇ ಎಚ್ಚರಿಕೆ. ಅಂಟಿಕೊಂಡಿರುವುದನ್ನು ಕೀಳದೆ ಆಲ್ಬಮ್ಮಿನ ಹಾಳೆಯ ಸಮೇತ ಸ್ಕ್ಯಾನ್ ಮಾಡಿಸಬೇಕು, ಹಿಂಬದಿಯಲ್ಲಿ ಹೆಸರು ಬರೆಯಲು ಬಾಲ್‌ಪೆನ್ ಬಳಸದೆ ಮೆತ್ತನೆಯ ಪೆನ್ಸಿಲ್ ಬಳಸಬೇಕು.

ಬರೆಯಲು ಕೂತಾಗ ತ್ಯಾಗಮಯಿ, ಅನ್ನಪೂರ್ಣೆ, ಸಹನಾಮೂರ್ತಿ ಎಂಬ ಬಿರುದುಗಳನ್ನು ಹೊಡೆದುಹಾಕಿ, ಪ್ರತಿಯೊಂದರ ಜಾಗದಲ್ಲಿ ಒಂದು ಘಟನೆಯನ್ನಿಡಿ. ಇಡಲು ಘಟನೆ ಸಿಗದಿದ್ದರೆ ಆ ಬಿರುದು ಅಲ್ಲಿಗೆ ಸಲ್ಲದು. ಅಜ್ಜಿಯ ಮಾತನ್ನು ಗ್ರಾಂಥಿಕಗೊಳಿಸಬೇಡಿ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಬೈಗುಳ ತೆಲುಗಿನಲ್ಲಿ, ಲೆಕ್ಕ ತಮಿಳಿನಲ್ಲಿ, ಉಪಚಾರ ಕನ್ನಡದಲ್ಲಿ ನಡೆಯುತ್ತದೆ. ಹೇಗೆ ಆಡಿದರೋ ಹಾಗೆಯೇ ಕನ್ನಡ ಲಿಪಿಯಲ್ಲಿ ಬರೆದರೆ ಸಾಕು. ಅವರ ಅಡುಗೆಯ ಅಳತೆಗಳನ್ನೂ ಪಾವು, ಚಟಾಕು, ಹಿಡಿ ಎಂದೇ ಉಳಿಸಿ, ಪಕ್ಕದಲ್ಲಿ ಗ್ರಾಮಿನ ಲೆಕ್ಕ ಕೊಡಿ.

ಮೊದಲ ಕರಡನ್ನು ಮನೆಯ ಸೊಸೆಯೊಬ್ಬರಿಗೂ ಹೊರಗಿನವರೊಬ್ಬರಿಗೂ ಓದಲು ಕೊಟ್ಟು, ಅವರ ತಿದ್ದುಪಡಿಗಳನ್ನು ಸೇರಿಸಿದ ಮೇಲೆ ಡಿಟಿಪಿ ಮಾಡಿಸಿ. ವರ್ಷದ ತಿಥಿಗೆ ಹಂಚುವ ಯೋಚನೆಯಿದ್ದರೆ ಎರಡು ತಿಂಗಳು ಮೊದಲೇ ಮುದ್ರಣಕ್ಕೆ ಕೊಡುವುದು ಕ್ಷೇಮ, ಏಕೆಂದರೆ ಅಕ್ಷರ ತಿದ್ದುವ ಕೆಲಸ ಎಣಿಸಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ನೆನಪು ಹಂಚಿಕೊಂಡ ಪ್ರತಿಯೊಬ್ಬರಿಗೂ ಒಂದು ಪ್ರತಿ ತಲುಪಬೇಕು. ಓದಲು ಬಾರದವರಿಗೆ ಅವರ ಭಾಗವನ್ನು ಗಟ್ಟಿಯಾಗಿ ಓದಿ ವಾಟ್ಸಾಪಿನಲ್ಲಿ ಧ್ವನಿಯಾಗಿ ಕಳುಹಿಸಿ.